ಎಡಗಡೆಯದು ಬಿತ್ತು ಅಂದೆ

ನೆಲಮಂಗಲದ ನಮ್ಮ ಮನೆಯಲ್ಲೇ ಕೂತು ಯಜಮಾನರು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಾರೆ. ಈಚೆಗೆ ಉಳಿದಿದ್ದದ್ದು ಒಂದೇ ಕೆಲಸ, ತ್ಯಾಮಗೊಂಡ್ಲು ಕಡೆಯ ದನದ ಡಾಕ್ಟರದ್ದು. ಯಾವ ಹಸು ಗಬ್ಬವಾಗಿದೆ, ಯಾವುದಕ್ಕೆ ಯಾವ ಇಂಜೆಕ್ಷನ್ ಆಗಿದೆ, ಎಲ್ಲ ದಾಖಲೆಯೂ ಅವರ ಕಂಪ್ಯೂಟರಿನಲ್ಲಿತ್ತು. ಹೋದ ವರ್ಷ ಅವರು, ಕೊಟ್ಟಿಗೆಯಲ್ಲಿ ನಿಂತೇ ಫೋನಿನಲ್ಲಿ ಬರೆಯುವಂತಾಗಬೇಕು ಎಂದರು. ಅವರದು ಐಫೋನ್, ಕೈಕೆಳಗಿನವರದು ಹಳೆಯ ಆಂಡ್ರಾಯ್ಡ್.

"ಒಂದೊಂದಕ್ಕೂ ಅದರದರ ಭಾಷೇಲೇ ಬೇರೆ ಬೇರೆ ಬರೆದ್ರೆ ಗಟ್ಟಿ ಕಣೆ. ಸಿಗ್ನಲ್ ಇಲ್ದಿದ್ರೂ ನಂಬಬೋದು. ಆದ್ರೆ ಎರಡು ಪಟ್ಟು ಕೆಲಸ," ಎಂದರು ಯಜಮಾನರು. "ಒಂದೇ ಸಲ ಬರೆದು ಎಲ್ಲದ್ರಲ್ಲೂ ಓಡ್ಸೋ ಟೂಲೂ ಇದೆ. ಬೇಗ ಮುಗಿಯುತ್ತೆ. ಹಳೇ ಫೋನಲ್ಲಿ ಹೆಂಗೋ ಏನೋ."

"ಬೇಗ ಮುಗಿಯೋದೇ ಮಾಡ್ರೀ. ಜಾಸ್ತಿ ಹೊತ್ತು ಕಂಪ್ಯೂಟರ್ ನೋಡ್ಬೇಡಿ ಅಂತ ಕಣ್ಣಿನ ಡಾಕ್ಟ್ರು ಹೇಳಿದ್ದು ಮರ್ತ್ಹೋಯ್ತಾ?" ಸಕ್ಕರೆ ಕಾಯಿಲೆ ಅವರ ಎಡಗಣ್ಣನ್ನು ಆಗಲೇ ಮಬ್ಬಾಗಿಸಿತ್ತು.

"ನಿನ್ನ ಕೇಳಿದ್ರೆ ನಾಳೇನೇ ಮುಗ್ಸು ಅಂತೀಯ. ಹೋಗು, ದೇವರನ್ನ ಕೇಳು."

ಮನಸ್ಸು ಎರಡಾದಾಗ ಹೂ ಕೇಳುವುದು ನಮ್ಮ ಮನೆಯ ರೂಢಿ. ದೇವರ ಪಟಕ್ಕೆ ಎರಡೂ ಕಡೆ ಒದ್ದೆ ಎಸಳು ಅಂಟಿಸಿ ಕಾಯಬೇಕು. ಮೊದಲು ಬಿದ್ದದ್ದೇ ಅಪ್ಪಣೆ. ಬಲದ್ದು ಬಿದ್ದರೆ ಬೇರೆ ಬೇರೆ ಬರೆಯುವುದು, ಎಡದ್ದು ಬಿದ್ದರೆ ಒಂದೇ ಸಲ ಎಂದು ಅವರಿಗೂ ಹೇಳಿ ಒಳಗೆ ಹೋದೆ.

ಬಲದ್ದು ಬಿತ್ತು.

ಹೊರಗೆ ಬಂದು, "ಎಡಗಡೇದು ಬಿತ್ತು ರೀ," ಎಂದೆ. ಅವರ ಕಣ್ಣು ಉಳಿದರೆ ಸಾಕಿತ್ತು ನನಗೆ.

ಎರಡು ತಿಂಗಳಿಗೆ ಕೆಲಸ ಮುಗಿಯಿತು. ಆದರೆ ಸಿಗ್ನಲ್ ಸಿಗದ ಕೊಟ್ಟಿಗೆಗಳಲ್ಲಿ ಹಳೆಯ ಫೋನಿನಲ್ಲಿ ಬರೆದದ್ದು ಅಲ್ಲೇ ಸಿಕ್ಕಿಕೊಂಡು, ಕಂಪ್ಯೂಟರಿಗೆ ಬರುತ್ತಿರಲಿಲ್ಲ. ಒಂದು ಹಸು ಗಬ್ಬವಾದ ದಾಖಲೆಯೂ ಹಾಗೇ ಉಳಿಯಿತು. ಗೊತ್ತಿಲ್ಲದೆ ಡಾಕ್ಟರು ಗಬ್ಬದ ಹಸುವಿಗೆ ಕೊಡಬಾರದ ಇಂಜೆಕ್ಷನ್ ಕೊಟ್ಟರು. ದಿನ ತುಂಬುವ ಮೊದಲೇ ಹಸು ಕಂದು ಹಾಕಿತು. ಹಸುವಿನ ಜೀವ ಉಳಿಯಿತು, ದೇವರು ದೊಡ್ಡವನು. ಡಾಕ್ಟರು ಬೈಯಲಿಲ್ಲ, ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಯಜಮಾನರು ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದರು. "ದೇವರು ಹೇಳಿದ್ದು ತಪ್ಪಾಗುತ್ತಾ? ನನ್ನ ಕೈಯಲ್ಲೇ ಇನ್ನು ಕಸುಬು ಉಳಿದಿಲ್ಲ." ದಿನವೂ ಇದೇ ಮಾತು. ಒಂದು ತಿಂಗಳು ಕೇಳಿಸಿಕೊಂಡೆ. ಕೊನೆಗೆ ಒಂದು ಬೆಳಿಗ್ಗೆ, ಕಾಫಿ ಲೋಟ ಇಟ್ಟು, ನಿಜ ಹೇಳಿಬಿಟ್ಟೆ.

ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನನ್ನ ಕಣ್ಣಿಗೋಸ್ಕರನಾ?"

"ಹೂಂ ರೀ."

"ಆ ಹಸು ಮನೆಯೋರಿಗೆ ಏನಂತ ಹೇಳ್ಲೇ?"

ಅವರು ಮಾತು ಬಿಟ್ಟು ಇಂದಿಗೆ ನಾಲ್ಕು ದಿನ. ಆದರೂ ನಾನು ಬಡಿಸಿದ್ದನ್ನು ಉಣ್ಣುತ್ತಾರೆ, ತಟ್ಟೆ ತಳ್ಳಿಲ್ಲ. ಸದ್ಯಕ್ಕೆ ಅಷ್ಟನ್ನೇ ದಯೆ ಎಂದುಕೊಂಡಿದ್ದೇನೆ.