ನಮ್ಮ ಗುಂಪಿನ ರಬಕವಿ ಅಕ್ಕ

ನನ್ನ ಮಗ ಯುಕೆಜಿಗೆ ಹೋಗುತ್ತಿದ್ದ ವರ್ಷ ಜಮಖಂಡಿಯಲ್ಲಿ ನನ್ನವರೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ನನ್ನ ತವರು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿ. ಆಣೆಕಟ್ಟಿನ ಹಿನ್ನೀರು ಏರಿದಾಗ ಊರಿಗೆ ಊರೇ ಎದ್ದು, ಒಂದೇ ಓಣಿಯಲ್ಲಿ ಬೆಳೆದ ನಾವೆಲ್ಲ ಬೇರೆ ಬೇರೆ ಕಡೆ ಚೆದುರಿಹೋಗಿದ್ದೆವು. ನಾನು ಇಲ್ಲಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ. ಗಂಡನ ನೌಕರಿ ಬಾಗಲಕೋಟೆಯಲ್ಲಿ. ಸೋಮವಾರ ಹೋದರೆ ಶುಕ್ರವಾರ ಬರುತ್ತಿದ್ದರು. ಮಗುವಿಗೆ ಕೆಮ್ಮು ಬಂದರೆ ಯಾರನ್ನು ಕೇಳಬೇಕೆಂದು ತಿಳಿಯದೆ ಒಬ್ಬಳೇ ಒದ್ದಾಡುತ್ತಿದ್ದೆ.

ಅದಕ್ಕೇ ಆ ವಾಟ್ಸಾಪ್ ಗುಂಪು ನನಗೆ ಅಷ್ಟು ದೊಡ್ಡದಾಗಿ ಕಂಡಿತು. ಔಷಧಿ ಅಂಗಡಿಯವರ ಹೆಂಡತಿಯೊಬ್ಬರು, ಬಹಳ ಚುರುಕಿನ ಹೆಂಗಸು, ಹಿಂದಿನ ವರ್ಷದ ಎಲ್‌ಕೆಜಿ ದಾಖಲೆಯಿಂದ ತಾಯಂದಿರ ನಂಬರುಗಳನ್ನು ಬರೆದುಕೊಂಡು ಅದನ್ನು ಶುರು ಮಾಡಿದ್ದರು. ಅವರೇ ಅಡ್ಮಿನ್. ಹೆಚ್ಚುಕಡಿಮೆ ನಲವತ್ತು ಜನ. ಅಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ, ಎಲ್ಲರೂ ಯಾರದೋ ಮಮ್ಮಿ. ಬೆಳಿಗ್ಗೆ ಆರಕ್ಕೇ "ಡಬ್ಬಿಗೆ ಏನ ಮಾಡಿದ್ರಿ ಇವತ್ತ?" ಎಂದು ಶುರುವಾದರೆ, ಅವಲಕ್ಕಿ, ಚಪಾತಿ ಸುರುಳಿ, ಹೋಂವರ್ಕ್, ಹಲ್ಲು ನೋವು, ಅತ್ತೆಯ ಮಾತು, ಎಲ್ಲವೂ ಬರುತ್ತಿತ್ತು. ಒಬ್ಬಾಕೆಯ ಮಗುವಿಗೆ ಗಂಟಲು ಬಾವು ಎಂದರೆ ಹತ್ತು ಜನ ಮದ್ದು ಹೇಳುತ್ತಿದ್ದರು.

ಅವರಲ್ಲಿ ರಬಕವಿಯ ಒಬ್ಬಾಕೆ ಇದ್ದಳು. ಅವಳ ಫೋಟೋದ ಜಾಗದಲ್ಲಿ ಮುಖವಿರಲಿಲ್ಲ, ಕೆಂಪು ಸೀರೆಯ ಅಂಚು ಇತ್ತು. ಬರೆಯುವುದಕ್ಕಿಂತ ದನಿ ಕಳಿಸುವುದೇ ಹೆಚ್ಚು. ಅವಳ ಮಾತಿನ ಹಿಂದೆ ಯಾವಾಗಲೂ ಮಗ್ಗಗಳ ಖಟಖಟ ಸದ್ದು. ನಾವೆಲ್ಲ ಅವಳನ್ನು ರಬಕವಿ ಅಕ್ಕ ಅನ್ನುತ್ತಿದ್ದೆವು. ಅವಳ ಮಗು ಯಾವುದು ಎಂದು ಯಾರೂ ಕೇಳಿರಲಿಲ್ಲ. ಗುಂಪಿನಲ್ಲಿದ್ದಾಳೆಂದ ಮೇಲೆ ಯಾವುದೋ ಒಂದು ಇದ್ದೇ ಇರುತ್ತದಲ್ಲ.

ಒಂದು ಬುಧವಾರ ಮಧ್ಯಾಹ್ನ ಮಗನಿಗೆ ಜ್ವರ ಏರಿ, ನೋಡನೋಡುತ್ತಿದ್ದಂತೆ ಕಣ್ಣು ಮೇಲಾಗಿ ಕೈಕಾಲು ಸೆಟೆದವು. ನಾನು ಗುಂಪಿಗೆ ಏನು ಬರೆದೆನೋ ನೆನಪಿಲ್ಲ. ಮರುಕ್ಷಣ ಫೋನ್ ಬಂತು.

"ತಂಗಿ, ಅಳಬ್ಯಾಡ. ನಾ ರಬಕವಿಯಾಕಿ. ಅವನ್ನ ಒಂದ ಮಗ್ಗಲಾ ಮಲಗಸು. ಬಾಯಾಗ ಚಮಚಾ ಗಿಮಚಾ ಏನೂ ಹಾಕಬ್ಯಾಡ. ಕೈಕಾಲ ಒತ್ತಿ ಹಿಡೀಬ್ಯಾಡ. ಗಡಿಯಾರ ನೋಡು, ಎಷ್ಟ ಆತು ಹೇಳು."

"ಎರಡು ನಿಮಿಷ ಅಕ್ಕಾ..."

"ನಿಲ್ಲತೈತಿ. ನನ್ನ ಮಗಳಿಗೂ ಎರಡ ಸರ್ತಿ ಬಂದಿತ್ತು. ಬಾಜೂಮನಿಯವರನ್ನ ಕೂಗು, ಆಟೋ ತರಸು. ನಾ ಫೋನ್ ಇಡಂಗಿಲ್ಲ."

ನಿಂತಿತು. ಆಟೋದಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಡಾಕ್ಟರ ಕೋಣೆಯ ಬಾಗಿಲ ತನಕ ಆ ದನಿ ನನ್ನ ಕಿವಿಯಲ್ಲೇ ಇತ್ತು. ಅಂದಿನಿಂದ ನಾವಿಬ್ಬರೂ ಗುಂಪಿನ ಹೊರಗೂ ಮಾತಾಡತೊಡಗಿದೆವು. ಅವಳು ಹೆಚ್ಚಾಗಿ ಕೇಳುವವಳು. ಇವತ್ತು ಮಕ್ಕಳು ಏನು ಆಡಿದರು, ವ್ಯಾನ್ ಎಷ್ಟಕ್ಕೆ ಬಂತು, ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಯಾವ ಹಾಡು. ನಾನು ಹೇಳುತ್ತಿದ್ದೆ. ನನ್ನ ಮಾತು ಕೇಳಲು ಯಾರೋ ಇದ್ದಾರೆಂಬುದೇ ನನಗೆ ಸಾಕಾಗಿತ್ತು.

ಮಳೆಗಾಲ ಮುಗಿಯುತ್ತಿದ್ದಂತೆ ಆ ವಿಡಿಯೋ ಬಂತು. ಯಾವ ಊರಿನದೋ, ಬೈಕಿನ ಮೇಲೆ ಬಂದವರು ಬೀದಿಯಿಂದ ಮಗುವನ್ನು ಎತ್ತಿಕೊಂಡು ಹೋಗುವುದು. ಅದರ ಹಿಂದೆಯೇ ಗಂಡಸೊಬ್ಬನ ದನಿ: "ನಮ್ಮ ಜಿಲ್ಲಾದಾಗ ಮಕ್ಕಳ ಕಳ್ಳರು ಬಂದಾರ. ಹೆಂಗಸರ ವೇಷದಾಗ ಅಡ್ಡಾಡಾಕತ್ತಾರ." ಒಂದೇ ದಿನ ಅದು ನಮ್ಮ ಗುಂಪಿಗೆ ಐದು ಸಲ ಬಂತು. ಪೊಲೀಸರು ಸುಳ್ಳೆಂದು ಹೇಳಿದರೂ ಯಾರೂ ಕೇಳಲಿಲ್ಲ. ಡಬ್ಬಿಯ ಮಾತು ನಿಂತಿತು. ಬೆಳಿಗ್ಗೆ ಏಳುತ್ತಲೇ "ವ್ಯಾನ್ ಬಂತೇನ್ರಿ? ಎಲ್ಲಾರೂ ಹತ್ಯಾರೇನ್ರಿ?" ಎಂಬುದೊಂದೇ. ಕಾಲೇಜಿನ ಜವಾನರು ಬಂದು, ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಚಾದರ ಮಾರಲು ಬಂದಿದ್ದ ಹೆಂಗಸನ್ನು ಜನ ಕಂಬಕ್ಕೆ ಕಟ್ಟಿದ್ದರೆಂದು ಹೇಳಿದರು. ಆಮೇಲೆ ಅವಳು ನಿಜವಾಗಿಯೂ ಚಾದರ ಮಾರುವವಳೇ ಎಂದು ಗೊತ್ತಾಯಿತಂತೆ. ಅದನ್ನು ನಾನು ಗುಂಪಿನಲ್ಲಿ ಬರೆದೆ. ಒಬ್ಬಾಕೆ ಉತ್ತರ ಕೊಟ್ಟಳು: "ಆದ್ರೂ ಹುಷಾರಾಗಿರೂದು ಛಲೋರಿ."

ಆ ವಾರವೇ ಅಡ್ಮಿನ್ ನನಗೆ ಫೋನ್ ಮಾಡಿದರು. ದನಿ ಇಳಿದಿತ್ತು.

"ಸಾಲಿಯಿಂದ ಹೊಸಾ ಲಿಸ್ಟ್ ತೊಗೊಂಡೇನ್ರಿ. ಎಲ್ಲಾರ ನಂಬರ್ ತಾಳಿ ಆಗತಾವು, ಒಂದ ಬಿಟ್ಟು. ರಬಕವಿ ಅಕ್ಕಂದು. ಆಕಿ ಕೂಸು ಯಾವುದ್ರಿ?"

ಮಗಳಿದ್ದಾಳೆಂದಷ್ಟೇ ನನಗೆ ಗೊತ್ತಿತ್ತು. ನಮ್ಮ ಮಕ್ಕಳಿದ್ದ ಬಿ ಸೆಕ್ಷನ್ನಿನ ಹದಿನೆಂಟು ಹುಡುಗಿಯರಲ್ಲಿ ಹದಿನೇಳು ಮಕ್ಕಳ ತಾಯಂದಿರನ್ನು ನಾವು ಶಾಲೆಯ ಗೇಟಿನಲ್ಲಿ ನೋಡಿದ್ದೆವು. ಉಳಿದದ್ದು ಗುಂಗುರು ಕೂದಲಿನ ಒಂದು ಹುಡುಗಿ. ಅವಳನ್ನು ಅಜ್ಜಿ ಕರೆದೊಯ್ಯುತ್ತಿದ್ದರು. ಯಾರು ಕೇಳಿದರೂ "ಇದರ ಅವ್ವ ಇಲ್ಲರಿ" ಎನ್ನುತ್ತಿದ್ದರು. ತೀರಿಕೊಂಡಿದ್ದಾಳೆಂದು ತಿಳಿದು ನಾವೆಲ್ಲ ಆ ಮಗುವಿನ ತಲೆ ಸವರುತ್ತಿದ್ದೆವು. ಹಾಗಿದ್ದರೆ ರಬಕವಿ ಅಕ್ಕನದೆನ್ನಲು ಯಾವ ಮಗುವೂ ಉಳಿಯಲಿಲ್ಲ.

ಅಂದು ಮಧ್ಯಾಹ್ನ ಗ್ರಂಥಾಲಯದ ಮೂಲೆಯಲ್ಲಿ ಕುಳಿತು ನಾನು ರಬಕವಿ ಅಕ್ಕ ಗುಂಪಿನಲ್ಲೂ ನನ್ನೊಬ್ಬಳಿಗೂ ಬರೆದಿದ್ದ ಸಂದೇಶಗಳನ್ನೆಲ್ಲ ಮೊದಲಿನಿಂದ ಓದಿದೆ. "ಹಿಂದಿನ ಗೇಟಿನಿಂದನೂ ಹುಡುಗೂರು ಬಿಡ್ತಾರೇನ ತಂಗಿ?" "ಅಜ್ಜಿ ಬರೂದು ತಡಾ ಆದ್ರ ಆ ಕೂಸು ಒಬ್ಬಾಕಿನ ನಿಂದರತೈತೇನ?" "ಕ್ಲಾಸ್ ಫೋಟೋ ಇನ್ನೊಂದ್ಸಲ ಕಳಸವಾ, ದೊಡ್ಡದ ಮಾಡಿದ್ರ ಮಾರಿ ಕಾಣವಲ್ದು." ಬಂದಾಗ ಎಷ್ಟು ಅಕ್ಕರೆಯಿಂದ ಓದಿದ್ದೆನೋ ಅದೇ ಸಾಲುಗಳು. ಈಗ ಒಂದೊಂದನ್ನು ಓದಿದಾಗಲೂ ಆ ವಿಡಿಯೋದ ಬೈಕು ನೆನಪಾಗುತ್ತಿತ್ತು. ಎಲ್ಲದಕ್ಕೂ ನಾನು ಉತ್ತರ ಕೊಟ್ಟಿದ್ದೆ. ವ್ಯಾನಿನ ಬಣ್ಣ, ಸಮಯ, ಯಾವ ಮಗು ಯಾರ ಜೊತೆ ಹೋಗುತ್ತದೆ, ಎಲ್ಲವನ್ನೂ.

ಅವಳನ್ನು ಗುಂಪಿನಿಂದ ತೆಗೆಯೋಣ ಎಂದೆ. ಅಡ್ಮಿನ್ ಒಪ್ಪಲಿಲ್ಲ.

"ತಗದ್ರ ಹುಷಾರಾಗ್ತಾಳ. ನಮ್ಮ ಮನಿಯವರು ಹೇಳಾಕತ್ತಾರ, ಆಕಿನ್ನ ಇಲ್ಲಿಗೇ ಕರಸೂಣು ಅಂತ. ನೀವು ಕರದ್ರ ಬರ್ತಾಳ."

"ಪೊಲೀಸರಿಗೆ ಹೇಳಬಹುದಲ್ಲ?"

"ಮೊದಲ ಮಾರಿ ನೋಡೂಣ್ರಿ. ನಾಕ ಮಂದಿ ಹೆಂಗಸರಽ ಇರ್ತೀವಿ."

ನಾನು ಬರೆದೆ. ಶನಿವಾರ ಅರ್ಧ ದಿನ ಶಾಲೆ, ತಾಯಂದಿರೆಲ್ಲ ಗೇಟಿನ ಹತ್ತಿರ ಸೇರುತ್ತೇವೆ, ನೀನೂ ಬಾ ಅಕ್ಕಾ, ಒಮ್ಮೆಯಾದರೂ ಮುಖ ನೋಡೋಣ. ಅವಳು ಓದಿದ್ದು ಕಾಣಿಸಿತು. ಏನೋ ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಕೊನೆಗೆ ಬಂದದ್ದು ಒಂದೇ ಸಾಲು: "ನಾ ಬರಬಹುದೇನ ತಂಗಿ?"

"ಬಾ ಅಕ್ಕಾ," ಎಂದು ಬರೆದೆ. ಕೊನೆಗೊಂದು ಹೂವಿನ ಚಿತ್ರವನ್ನೂ ಹಾಕಿದೆ.

ಶನಿವಾರ ಹನ್ನೊಂದಕ್ಕೆ ಹೋದರೆ ಗೇಟಿನಲ್ಲಿ ನಾಲ್ಕು ಹೆಂಗಸರಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ, ಬಹುಪಾಲು ಗಂಡಸರು. ಬೈಕುಗಳು ರಸ್ತೆಗೆ ಅಡ್ಡ ನಿಂತಿದ್ದವು. ಯಾರೋ ಒಬ್ಬಾಕೆ ಗಂಡನಿಗೆ ಹೇಳಿದ್ದಳು, ಅವನು ಗೆಳೆಯರಿಗೆ ಹೇಳಿದ್ದ. ನನಗೆ ಪರಿಚಯವೇ ಇಲ್ಲದ ಒಬ್ಬ ತನ್ನ ಫೋನ್ ತೋರಿಸಿದ. ಅದರಲ್ಲಿ ಬರೆದಿತ್ತು: ಇಂದು ಕಳ್ಳಿ ಬರುತ್ತಾಳೆ, ಎಲ್ಲರೂ ಬನ್ನಿ. ಅವಳನ್ನು ವಾಪಸ್ ಕಳಿಸಲು ನಾನು ಫೋನ್ ತೆಗೆದೆ. ಅಷ್ಟರಲ್ಲಿ ಆಟೋ ಬಂದು ನಿಂತಿತು.

ತೆಳ್ಳಗಿನ ಹೆಂಗಸು, ನನ್ನ ವಯಸ್ಸಿನವಳೇ. ತಲೆಗೂದಲ ತುಂಬ ನೂಲಿನ ಧೂಳು ಉಳಿದಿತ್ತು, ಮಗ್ಗ ಬಿಟ್ಟು ಹಾಗೇ ಎದ್ದು ಬಂದವಳಂತೆ. ಕೈಚೀಲದಿಂದ ಹೊಸ ಫ್ರಾಕಿನ ತುದಿ ಕಾಣುತ್ತಿತ್ತು. ಅವಳು ಹೆಂಗಸರ ಮುಖಗಳಲ್ಲಿ ಯಾರನ್ನೋ ಹುಡುಕಿದಳು. ನನ್ನನ್ನೇ ಇರಬೇಕು.

ಒಬ್ಬ ಅವಳ ಚೀಲ ಕಸಿದುಕೊಂಡ. "ಯಾರ ಕೂಸು ನಿಂದು? ಹೆಸರು ಹೇಳು."

ಅವಳು ಗೇಟಿನ ಕಡೆ ನೋಡಿದಳು. ಫ್ರಾಕನ್ನು ಎತ್ತಿ ಹಿಡಿದು ಇನ್ನೊಬ್ಬ ಕೂಗಿದ: "ನೋಡ್ರಿಲೇ, ಆಶೆ ತೋರಸಾಕ ತಂದಾಳ!" ಹಿಂದಿನಿಂದ ಯಾರೋ ಅವಳ ಜಡೆ ಹಿಡಿದೆಳೆದರು. ಅವಳು ಮೊಣಕಾಲೂರಿ ಬಿದ್ದಳು. ಆಗಲೇ ಗಂಟೆ ಹೊಡೆದು ಮಕ್ಕಳು ಹೊರಬಂದರು.

ಗುಂಗುರು ಕೂದಲಿನ ಹುಡುಗಿಯ ಅಜ್ಜಿ ದಿನದಂತೆ ಮುಂದೆ ನಿಂತಿದ್ದರು. ಕೆಳಗೆ ಬಿದ್ದವಳನ್ನು ನೋಡಿದರು. ಗುರುತು ಹಿಡಿದರೆಂಬುದು ನನಗೆ ಸ್ಪಷ್ಟವಾಗಿ ಕಂಡಿತು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮೊಮ್ಮಗಳ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆಯ ಆಚೆ ನಡೆದರು.

"ಅದು ನನ್ನ ಮಗಳು," ಎಂದಳು ಅವಳು, ಕೂಗದೆ. "ಆಕಿ ನನ್ನ ಮಗಳ್ರಿ."

"ಸುಳ್ಳ! ಆ ಕೂಸಿನ ಅವ್ವ ಸತ್ತಾಳ!" ಹೇಳಿದ್ದು ನಮ್ಮ ಗುಂಪಿನವಳೇ.

ಯಾರದೋ ಕೈ ಅವಳ ಕೆನ್ನೆಗೆ ಬಿತ್ತು. ಆ ಸದ್ದಿಗೆ ನನ್ನ ಕಾಲುಗಳು ಕದಲಿದವು. ನಾನು ಜನರನ್ನು ತಳ್ಳಿ ಒಳಗೆ ಹೋಗಿ ಅವಳ ಮುಂದೆ ನಿಂತು ಅರಚಿದೆ: "ಬಿಡ್ರಿ! ಆಕಿ ತಾನಾಗಿ ಬಂದಿಲ್ಲ, ನಾ ಕರದೇನಿ! ನಾನಽ ಕರದೇನಿ!" ಅದೇ ಹೊತ್ತಿಗೆ ಶಾಲೆಯ ವಯಸ್ಸಾದ ಆಯಾ ಗೇಟಿನಿಂದ ಓಡಿಬಂದು, "ಯವ್ವಾ, ಇಕಿ ಆ ಹುಡುಗಿ ಅವ್ವ ಅಲ್ಲೇನ? ಎಲ್‌ಕೆಜಿಯೊಳಗ ದಿನಾ ನೀವೆಲ್ಲಾ ಬರೂದರಕಿಂತ ಮೊದಲ ಕೈಹಿಡದು ಕರಕೊಂಡ ಬರ್ತಿದ್ಲು!" ಎಂದು ಬಾಯಿ ಮಾಡಿದಳು. ಜನರ ಹಿಡಿತ ಸಡಿಲವಾಯಿತು. ಯಾರೂ ಕ್ಷಮೆ ಕೇಳಲಿಲ್ಲ. ಬೈಕುಗಳು ಒಂದೊಂದಾಗಿ ಹೊರಟವು.

ಅವಳು ನನ್ನನ್ನು ನೋಡಿದಳು. ನಾನು ಯಾರೆಂಬುದು ನನ್ನ ದನಿಯಿಂದ ಅವಳಿಗೆ ಗೊತ್ತಾಗಿತ್ತು. ನಾನು ಏನು ಮಾಡಿದ್ದೆನೆಂಬುದೂ.

ಆಯಾ ಮತ್ತು ನಾನು ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆವು. ಅಲ್ಲಿ ಅವಳು ದೂರು ಬರೆಸಲು ಒಪ್ಪಲಿಲ್ಲ, ನೀರು ಕುಡಿದು, ಗೋಡೆಗೆ ಒರಗಿ ಆಯಾಗೆ ನಡೆದದ್ದನ್ನೆಲ್ಲ ಹೇಳಿದಳು. ನನ್ನ ಕಡೆ ತಿರುಗಲಿಲ್ಲ. ಎಲ್‌ಕೆಜಿ ವರ್ಷದ ಕೊನೆಗೆ ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿ ಮಗಳನ್ನು ಇಟ್ಟುಕೊಂಡಿದ್ದರು. ಅವಳು ರಬಕವಿಯ ತವರಿಗೆ ಬಂದು ಮಗ್ಗದ ಕೆಲಸಕ್ಕೆ ಕುಳಿತಳು. ಜಮಖಂಡಿಯ ಕೋರ್ಟಿನಲ್ಲಿ ಮಗಳಿಗಾಗಿ ಕೇಸು ನಡೆದಿತ್ತು. ಒಂದು ದಿನ ಮಗ್ಗದ ಮುಂದೆ ಕುಳಿತಿದ್ದಾಗ ಫೋನು ಸದ್ದು ಮಾಡಿತು: ಯಾರೋ ಅವಳನ್ನು ಯುಕೆಜಿ ತಾಯಂದಿರ ಗುಂಪಿಗೆ ಸೇರಿಸಿದ್ದರು.

"ತೆಗೀತಾರೇನೋ ಅಂತ ಅಂಜಿಕಿ ಇತ್ತು. ಅದಕ್ಕಽ ಹೆಸರ ಹೇಳಲಿಲ್ಲ. ದಿನಾ ನನ್ನ ಮಗಳು ಸಾಲಿಗೆ ಹೋಗಿದ್ದು ಬಂದಿದ್ದು ಗೊತ್ತಾಗತಿತ್ತು. ಅಷ್ಟಽ ಸಾಕಾಗಿತ್ತು ನನಗ," ಎಂದಳು. ಆಮೇಲೆ ಆಯಾಳನ್ನು ಕೇಳಿದಳು: "ನಾ ಸತ್ತೇನಿ ಅಂತ ಕೂಸಿಗೂ ಹೇಳ್ಯಾರೇನ?" ಆಯಾ ಅವಳ ತಲೆಗೂದಲಿನ ನೂಲಿನ ಧೂಳು ತೆಗೆಯತೊಡಗಿದಳು.

ಸಂಜೆ ಗುಂಪಿನಲ್ಲಿ ಅಡ್ಮಿನ್ ಬರೆದರು: "ತಪ್ಪ ತಿಳಕೊಂಡಿದ್ವಿ. ಮಕ್ಕಳೆಲ್ಲಾ ಸುರಕ್ಷಿತ ಅದಾರ, ಯಾರೂ ಚಿಂತಿ ಮಾಡಬ್ಯಾಡ್ರಿ." ಅದರ ಮೇಲಿನ ಸಾಲು, ರಬಕವಿ ಅಕ್ಕ ಗುಂಪು ಬಿಟ್ಟುಹೋದದ್ದು. ಸೋಮವಾರ ಒಬ್ಬಾಕೆ ದೋಸೆ ಹಿಟ್ಟು ಹುಳಿ ಬಂದಿಲ್ಲವೆಂದು ಬರೆದಳು. ಏಳೆಂಟು ಉತ್ತರ ಬಂದವು.

ಕೆಡುಕು ಅಲ್ಲಿಗೆ ನಿಲ್ಲಲಿಲ್ಲ. ತಂದೆ ಮಗುವಿನ ಟಿಸಿ ತೆಗೆಸಿ ಬೇರೆ ಊರಿನ ಶಾಲೆಗೆ ಹಾಕಿದ. ಅವಳು ಶಾಲೆಯಿಂದ ಮಗುವನ್ನು ಕದಿಯಲು ಸಂಚು ಮಾಡಿದಳೆಂದು ಅವನ ಕಡೆಯವರು ಕೋರ್ಟಿಗೆ ಹೇಳಿದರು. ಅದಕ್ಕೆ ಸಾಕ್ಷಿಯಾಗಿ ನಮ್ಮ ಗುಂಪಿನ ಮಾತುಗಳನ್ನೇ ಕೊಟ್ಟರು. ಯಾರು ತೆಗೆದು ಕೊಟ್ಟರೋ ಇಂದಿಗೂ ಗೊತ್ತಿಲ್ಲ. ಗೇಟಿನ ಬಗ್ಗೆ, ಅಜ್ಜಿಯ ಬಗ್ಗೆ ಅವಳು ಕೇಳಿದ ಪ್ರಶ್ನೆಗಳು ಇದ್ದವು. ನಾನು ಕರೆದದ್ದು ಇರಲಿಲ್ಲ, ಅವಳು ನನ್ನ ಮಾತುಗಳನ್ನೆಲ್ಲ ಅಂದೇ ಅಳಿಸಿಹಾಕಿದ್ದಳಂತೆ, ಅದು ನನ್ನ ಫೋನಿನಲ್ಲಿ ಮಾತ್ರ ಇತ್ತು.

ಸಾಕ್ಷಿ ಹೇಳಬೇಕೆಂದು ಅವಳ ವಕೀಲರು ಹುಡುಕಿಕೊಂಡು ಬಂದಾಗ ನನ್ನ ಗಂಡ ಬೇಡವೆಂದರು. ಅಡ್ಮಿನ್ ಫೋನ್ ಮಾಡಿ, "ನಮ್ಮ ಎಲ್ಲಾರ ಹೆಸರೂ ಹೊರಗ ಬರತೈತ್ರಿ, ನಿಮಗೂ ಮಗ ಅದಾನ," ಎಂದರು. ಆ ಕೊನೆಯ ಮಾತನ್ನು ಯಾಕೆ ಹೇಳಿದರೆಂದು ನಾನು ಕೇಳಲಿಲ್ಲ. ಮೂರನೆಯ ದಿನ ಕೋರ್ಟಿಗೆ ಹೋಗಿ ಫೋನನ್ನು ಕೈಯಲ್ಲಿ ಹಿಡಿದು, ನಾನು ಬರೆದದ್ದನ್ನೆಲ್ಲ ಓದಿ ಹೇಳಿದೆ. ಹೂವಿನ ಚಿತ್ರವಿತ್ತೆಂಬುದನ್ನೂ ಬಿಡಲಿಲ್ಲ. ಹೊರಗೆ ಬರುವಾಗ ಅವಳು ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ನಾನು ನಿಂತೆ. ಅವಳು ದಾರಿ ಬಿಟ್ಟು ಸರಿದಳು, ಅಷ್ಟೇ.

ತಿಂಗಳಿಗೆ ಎರಡು ಶನಿವಾರ, ಕೋರ್ಟಿನ ಆವರಣದಲ್ಲಿ, ಒಂದೊಂದು ತಾಸು ಮಗಳನ್ನು ಕಾಣಲು ಅವಳಿಗೆ ಅಪ್ಪಣೆಯಾಯಿತು. ಆಯಾ ಆಗಾಗ ಹೋಗಿಬಂದು ಹೇಳುತ್ತಿದ್ದಳು. ಮೊದಲ ಸಲ ಮಗು ಅವಳನ್ನು ನೋಡಿ ಹೆದರಿ, ಸತ್ತವರು ಹ್ಯಾಂಗ ಬರ್ತಾರ ಎಂದು ಅತ್ತಿತಂತೆ. ಎರಡನೆಯ ಸಲ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು, ಅವಳ ಕಾಲ ಕಡೆಗೇ ನೋಡುತ್ತಿತ್ತಂತೆ. ಮೂರನೆಯ ಸಲದ ಸುದ್ದಿ ಕೇಳುವ ಮೊದಲೇ ಆಯಾ ಕೆಲಸ ಬಿಟ್ಟು ತನ್ನ ಊರಿಗೆ ಹೋದಳು. ಆಮೇಲೆ ಏನಾಯಿತೋ ನನಗೆ ಹೇಳುವವರು ಯಾರೂ ಉಳಿಯಲಿಲ್ಲ.