ಪೇ ಆರ್ಡರಿನ ಮೇಲಿನ ಹೆಸರು

ಧಡ್, ಚಿರ್ರ್. ಧಡ್, ಚಿರ್ರ್. ಫ್ರಾಂಕಿಂಗ್ ಮಷಿನ್ ಲಕೋಟೆಯ ಮೂಲೆಗೆ ಕೆಂಪು ಅಂಚೆ ಮುದ್ರೆ ಒತ್ತಿ ಮುಂದಕ್ಕೆ ತಳ್ಳುವ ಸದ್ದು ಅದು. ಬಾಂಬೆಯ ಫೋರ್ಟ್‌ನಲ್ಲಿದ್ದ ನಮ್ಮ ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಆ ಸದ್ದಿನ ಪಕ್ಕದಲ್ಲೇ ಕೂತು ಟೈಪ್ ಮಾಡಿದ್ದೆ, ಒಂದು ದಿನವೂ ಅದರ ಮೇಲೆ ಗಮನ ಹೋಗಿರಲಿಲ್ಲ. ಆ ಸೋಮವಾರ ಮಾತ್ರ ಒಂದೊಂದು ಧಡ್‌ಗೂ ನನ್ನ ಬೆರಳು ಕೀಗಳ ಮೇಲೆ ನಿಂತುಬಿಡುತ್ತಿತ್ತು. ಮಷಿನ್ ಪಕ್ಕದ ರಾಶಿಯಲ್ಲಿ ನನ್ನ ಓರಗಿತ್ತಿಯ ಲಕೋಟೆ ಇತ್ತು.

ನಮ್ಮದು ಫಾರಿನ್ ಬ್ಯಾಂಕ್. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸಮುದ್ರದಾಚೆಯ ಹೆಡ್ ಆಫೀಸು ಇಂಡಿಯಾದ ವ್ಯವಹಾರ ಸಾಕೆಂದು ತೀರ್ಮಾನಿಸಿತು. ನಮಗೆ ಅದು ಗೊತ್ತಾದದ್ದು ಟೆಲೆಕ್ಸ್‌ನಲ್ಲಿ ಬಂದ ಎರಡು ಪ್ಯಾರಾದಿಂದ. ಎಲ್ಲ ಗ್ರಾಹಕರ ಖಾತೆಗಳನ್ನೂ ಮುಚ್ಚಬೇಕು, ಒಬ್ಬೊಬ್ಬರಿಗೂ ರಿಜಿಸ್ಟರ್ಡ್ ಪತ್ರ ಹೋಗಬೇಕು, ತಿಂಗಳ ಕೊನೆಯೊಳಗೆ ಅವರು ಆ ಪತ್ರದೊಂದಿಗೆ ಖುದ್ದಾಗಿ ಬಂದು, ಸಹಿ ಮಾಡಿ, ತಮ್ಮ ಹಣ ಒಯ್ಯಬೇಕು. ಪತ್ರಗಳನ್ನು ಟೈಪ್ ಮಾಡಿದವಳು ನಾನೇ. ‘ವಿ ರಿಗ್ರೆಟ್ ಎನಿ ಇನ್‌ಕನ್ವೀನಿಯೆನ್ಸ್’ ಎನ್ನುವ ಸಾಲನ್ನು ಅದೆಷ್ಟು ಸಲ ಹೊಡೆದೆನೋ, ಕೊನೆಕೊನೆಗೆ ಅದು ಜಪವಾಗಿತ್ತು.

ಓರಗಿತ್ತಿಗೆ ನಮ್ಮಲ್ಲಿ ಖಾತೆಯಿರುವುದು ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತು. ನಾವು ಘಾಟ್ಕೋಪರ್‌ನ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿದ್ದೆವು. ಅತ್ತೆ, ನಾನು, ನನ್ನ ಗಂಡ, ಮೈದುನ, ಅವನ ಹೆಂಡತಿ. ಧಾರವಾಡದ ಕಡೆಯ ಮನೆತನ. ನಾನು ಬೆಂಗಳೂರಿನ ಕಾನ್ವೆಂಟಿನವಳು. ಆ ಮನೆಯ ಕನ್ನಡ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ನಾನು ಸಂಬಳದ ಕವರನ್ನು ಒಂದನೇ ತಾರೀಖು ಬಿಚ್ಚದೆ ಅತ್ತೆಯ ಕೈಗೆ ಕೊಡಬೇಕು, ಓರಗಿತ್ತಿ ಮಧ್ಯಾಹ್ನ ಬಿಲ್ಡಿಂಗಿನ ಮಕ್ಕಳಿಗೆ ಹೇಳಿಕೊಡುತ್ತಿದ್ದ ಟ್ಯೂಷನ್ನಿನ ದುಡ್ಡನ್ನೂ ಹಾಗೆಯೇ ಕೊಡಬೇಕು. ಅವಳು ಅರ್ಧ ಕೊಡುತ್ತಿದ್ದಳು. ಉಳಿದರ್ಧ ನನ್ನ ಟಿಫಿನ್ ಡಬ್ಬಿಯ ತಳದಲ್ಲಿ ಕೂತು ಫೋರ್ಟಿಗೆ ಬರುತ್ತಿತ್ತು. ಹೀಗೆ ಆರು ವರ್ಷ. ಅವಳಿಗೆ ಬಿ.ಎಡ್. ಮಾಡಬೇಕಿತ್ತು. ಧಾರವಾಡದ ಕಾಲೇಜಿನಲ್ಲಿ ಸೀಟು ಕೂಡ ಸಿಕ್ಕಿತ್ತು, ಫೀಸು ಕಟ್ಟುವ ಗಡುವು ಹತ್ತಿರವಿತ್ತು. ಮನೆಯವರನ್ನು ಒಪ್ಪಿಸುವ ಮಾತನ್ನು ಅವಳು ದಿನದಿನವೂ ನಾಳೆಗೆ ದೂಡುತ್ತಿದ್ದಳು.

ಖಾತೆ ತೆರೆದದ್ದು ಅವಳ ತವರಿನ ಹೆಸರಿನಲ್ಲಿ. ಅವರ ಕಡೆ ಮದುವೆಯಲ್ಲಿ ತಟ್ಟೆಗೆ ಅಕ್ಕಿ ಹರಡಿ, ಗಂಡು ಉಂಗುರದಿಂದ ಅದರ ಮೇಲೆ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯ ಹೆಸರು ಮುಗಿಯಿತು. ಮತ್ತೆ ಯಾರೂ ಅದನ್ನು ಬಾಯಿಗೆ ತರುವುದಿಲ್ಲ. ನನಗೂ ಹಾಗೆ ಒಂದು ಹೆಸರು ಬಂದಿತ್ತು, ಆದರೆ ಆಫೀಸಿನಲ್ಲಿ ನಾನು ನಾನೇ ಆಗಿದ್ದೆ. ಅವಳ ಸರ್ಟಿಫಿಕೇಟುಗಳು ಹಳೆಯ ಹೆಸರಿನಲ್ಲಿದ್ದವು. ಆ ಹೆಸರಿನಲ್ಲಿ ಖಾತೆಯಿದ್ದರೆ ಯಾರ ಕಣ್ಣಿಗೂ ಬೀಳದು ಎಂದು ಜಾಣತನ ಹೇಳಿದವಳು ನಾನೇ. ವಿಳಾಸ ಮಾತ್ರ ಮನೆಯದನ್ನೇ ಕೊಡಬೇಕಾಯಿತು. ಸ್ಟೇಟ್‌ಮೆಂಟುಗಳು ಅಂಚೆಗೆ ಹೋಗದಂತೆ ಫೈಲಿನ ಮೇಲೆ ‘ಹೋಲ್ಡ್ ಮೇಲ್’ ಎಂದು ಬರೆಸಿದ್ದೆ. ಅವು ಬ್ರಾಂಚಿನಲ್ಲೇ ಉಳಿಯುತ್ತಿದ್ದವು. ಟೆಲೆಕ್ಸ್‌ನ ಎರಡನೇ ಪ್ಯಾರಾ ಅದನ್ನೂ ರದ್ದು ಮಾಡಿತು. ಈ ಪತ್ರ ಎಲ್ಲರ ಮನೆಗೂ ಹೋಗಲೇಬೇಕು.

ಆ ಒಂದು ಲಕೋಟೆ ಎತ್ತಿ ಪರ್ಸಿಗೆ ಹಾಕಿಕೊಳ್ಳಬಹುದಿತ್ತು. ಆಫೀಸರ್ ಲಿಸ್ಟ್ ಹಿಡಿದು ಎಣಿಸುತ್ತಾರೆ ಎನ್ನುವುದು ನೆಪ. ಆನೆಸ್ಟ್ಲಿ, ನನಗೆ ಧೈರ್ಯವಿರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನಮ್ಮನ್ನು ಹಾಗೆ ಬೆಳೆಸಿದ್ದರು. ಸಾಲಿನಿಂದ ಆಚೆ ಕಾಲಿಟ್ಟು ಗೊತ್ತಿರಲಿಲ್ಲ. ಧಡ್, ಚಿರ್ರ್. ಅವಳದ್ದೂ ಹೋಯಿತು.

ಅಂದು ಸಂಜೆ ಒಗೆದ ಬಟ್ಟೆ ಮಡಚುತ್ತ ಅವಳಿಗೆ ವಿಷಯ ಹೇಳಿದೆ. ಅವಳು ಒಂದು ದಿಂಬಿನ ಚೀಲವನ್ನು ಮೂರು ಸಲ ಮಡಚಿದಳು, ಮೂರು ಸಲ ಬಿಚ್ಚಿದಳು. ಅಂಚೆಯವನು ಹನ್ನೊಂದೂವರೆಗೆ ಬರುತ್ತಾನೆ, ಆ ಹೊತ್ತಿಗೆ ಹಿಟ್ಟಿನ ಗಿರಣಿಯ ನೆಪ ಮಾಡಿ ಕೆಳಗೆ ನಿಂತಿರುತ್ತೇನೆ, ಮೆಟ್ಟಿಲ ಬಳಿಯೇ ಸಹಿ ಮಾಡಿ ತೆಗೆದುಕೊಳ್ಳುತ್ತೇನೆ ಎಂದಳು. ಮಂಗಳವಾರ ನಿಂತಳು, ಅವನು ಬರಲಿಲ್ಲ. ಬುಧವಾರ ನಾನು ತಲೆನೋವೆಂದು ರಜೆ ಹಾಕಿದೆ. ಅತ್ತೆ ಬಾಗಿಲ ಬಳಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಓರಗಿತ್ತಿ ಜೋಳದ ಡಬ್ಬಿ ಎತ್ತಿಕೊಂಡಾಗ ತಲೆಯೆತ್ತದೆಯೇ ಅಂದರು:

“ನಿನ್ನೆನ ಬೀಸಿಕೊಂಡು ಬಂದೀಯಲ್ಲವಾ. ಆ ಗಿರಣಿಯಾಂವ ಏನು ನಿನ್ನ ಮಾವನ ಮಗನೇನು? ಕೂಡು, ಸೊಪ್ಪು ಬಿಡಸು.”

ಅವಳು ಕೂತಳು. ನಾನಾದರೂ ಇಳಿದು ಹೋಗೋಣವೆಂದು ಚಪ್ಪಲಿ ಹುಡುಕುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅಂಚೆಯವನು ರಿಜಿಸ್ಟರ್ ಇದೆ, ಸಹಿ ಬೇಕು ಎಂದು ಮರಾಠಿಯಲ್ಲಿ ಹೇಳಿ, ಲಕೋಟೆ ನೋಡಿ ಗಟ್ಟಿಯಾಗಿ ಹೆಸರು ಓದಿದ.

ಆ ಹೆಸರಿನವರು ಇಲ್ಲಿಲ್ಲ ಎಂದು ಅತ್ತೆ ಒಂದು ಮಾತು ಅಂದಿದ್ದರೆ ಸಾಕಿತ್ತು, ಪತ್ರ ವಾಪಸ್ ಬ್ರಾಂಚಿಗೆ, ನನ್ನ ಟೇಬಲ್ಲಿಗೆ ಬರುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ಅದನ್ನೇ ಬೇಡಿಕೊಳ್ಳುತ್ತಿದ್ದೆ. ಅತ್ತೆ ಸೊಪ್ಪಿನ ಕಡ್ಡಿಯನ್ನು ಮೊರದಲ್ಲಿಟ್ಟರು. ಮೊಣಕಾಲಿಗೆ ತಗಲುವಷ್ಟು ಹತ್ತಿರ ಕೂತಿದ್ದ ಸೊಸೆಯನ್ನು, ಎಂಟು ವರ್ಷದಲ್ಲಿ ಮೊದಲ ಸಲ, ತವರಿನ ಹೆಸರಿನಿಂದ ಕರೆದರು.

“ಏಳು. ನಿನ್ನ ಕಾಗದ ಬಂದದ.”

ಅವಳು ಸಹಿ ಮಾಡಿದಳು. ಅಂಚೆಯವನು ಇಳಿದುಹೋದ ಮೇಲೆ ಅತ್ತೆ ಲಕೋಟೆಯನ್ನು ನನ್ನ ಕೈಗೆ ಕೊಡಿಸಿ, ಇಂಗ್ಲಿಷ್ ಶಾಣ್ಯಾಕಿ ನೀನು, ಓದು ಎಂದರು. ನಾನೇ ಟೈಪ್ ಮಾಡಿದ ಪತ್ರ. ಡಿಯರ್ ಮೇಡಂ ಎಂದಷ್ಟೇ ಓದಿ ನಿಲ್ಲಿಸಿದೆ. ಯಾವುದೋ ಇನ್ಶೂರೆನ್ಸಿನವರ ಜಾಹೀರಾತು ಎಂದು ಹೇಳಿಬಿಡಲು ಬಾಯಿ ತೆರೆದೆ.

“ಬ್ಯಾಡ ಅಕ್ಕಾ,” ಎಂದಳು ಓರಗಿತ್ತಿ. “ಅತ್ತೀ, ಅದು ನನ್ನ ರೊಕ್ಕ. ಬ್ಯಾಂಕಿನವರು ದೇಶಾ ಬಿಟ್ಟು ಹೊಂಟಾರ, ಬಂದು ತೊಗೊಂಡು ಹೋಗ್ರಿ ಅಂತ ಬರದಾರ. ನಾ ಬಿ.ಎಡ್. ಮಾಡಬೇಕಂತ ಕೂಡಿಸಿಟ್ಟದ್ದು.”

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಿತ್ತು. ನನ್ನನ್ನೊಮ್ಮೆ ನೋಡಿ, “ಇಬ್ಬರೂ ಕೂಡೇ ನನ್ನ ಕಣ್ಣಿಗೆ ಮಣ್ಣು ಹಾಕೀರಿ,” ಎಂದು ಪತ್ರವನ್ನು ದೇವರ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ರಾತ್ರಿ ಊಟದ ಹೊತ್ತಿಗೆ ಗಂಡಸರು ತೀರ್ಮಾನಿಸಿಬಿಟ್ಟಿದ್ದರು. ಬೊರಿವಲಿಯಲ್ಲಿ ಮೈದುನ ಒಂದು ಫ್ಲ್ಯಾಟ್ ನೋಡಿದ್ದ, ಬುಕಿಂಗಿಗೆ ಹಣ ಸಾಲದೆ ಒದ್ದಾಡುತ್ತಿದ್ದ. ದೇವರೇ ಕೊಟ್ಟ ಹಾಗಾಯಿತು ಎಂದ. ಬಿ.ಎಡ್. ಮಾತು ಎತ್ತಿದ್ದಕ್ಕೆ, ಮನೆಯಲ್ಲಿ ಮಕ್ಕಳಿಲ್ಲ, ಊರ ಮಕ್ಕಳಿಗೆ ಪಾಠ ಹೇಳಲು ಹೊರಟಿದ್ದಾಳೆ ಎಂದು ನಕ್ಕ. ನನ್ನ ಗಂಡನೂ ನಕ್ಕರು. ಅದನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಬ್ಯಾಂಕಿನ ಗಡುವಿಗೆ ಎರಡು ದಿನ ಇರುವಾಗ ಮೈದುನ ಅವಳನ್ನು ಕರೆದುಕೊಂಡು ಬ್ರಾಂಚಿಗೆ ಬಂದ. ಪತ್ರ ಅವನ ಜೇಬಿನಲ್ಲಿತ್ತು. ಕ್ಯಾಶ್ ಕೌಂಟರು ಅಷ್ಟರಲ್ಲಿ ಮುಚ್ಚಿಹೋಗಿತ್ತು. ಎಲ್ಲರಿಗೂ ಪೇ ಆರ್ಡರ್ ಎನ್ನುವ ಬ್ಯಾಂಕಿನ ಚೆಕ್ಕು ಮಾತ್ರ. ಅವಳ ಸಹಿ ಹೊಂದಿತು. ಪೇ ಆರ್ಡರನ್ನು ಟೈಪ್ ಮಾಡಲು ನನಗೇ ಕೊಟ್ಟರು. ಹೆಸರು ಹೊಡೆದು, ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯೀ ಓನ್ಲಿ’ ಮುದ್ರೆ ಒತ್ತಿದೆ. ಅಂದರೆ ಆ ಹೆಸರಿನ ಖಾತೆಗೆ ಬಿಟ್ಟು ಬೇರೆ ಎಲ್ಲಿಗೂ ಆ ಹಣ ಹೋಗುವಂತಿಲ್ಲ.

ಮೈದುನ ಅದನ್ನು ಕೈಯಲ್ಲಿ ಹಿಡಿದು ಓದಿ, ನನ್ನ ಕಡೆ ತಿರುಗಿ, “ಇದ್ಯಾವ ಹೆಸರು ವೈನಿ? ನನ್ನ ಹೆಸರಿಗೆ ಮಾಡಿಕೊಡ್ರಿ,” ಎಂದ.

ಆಫೀಸರ್ ಆಗುವುದಿಲ್ಲ ಎಂದರು. ಹಾಗಾದರೆ ಹೆಂಡತಿಯ ಈಗಿನ ಹೆಸರಿಗಾದರೂ ಮಾಡಿ ಎಂದ. ಗಂಡ ಹೆಂಡತಿಯ ಜಾಯಿಂಟ್ ಖಾತೆಯಲ್ಲಿದ್ದದ್ದು ಆ ಹೆಸರೇ. ಅದಕ್ಕೆ ಅಫಿಡವಿಟ್ ಬೇಕು, ಈಕೆ ಆಕೆ ಇಬ್ಬರೂ ಒಬ್ಬಳೇ ಎಂದು ಈಕೆ ನೋಟರಿಯ ಮುಂದೆ ಸಹಿ ಮಾಡಿಕೊಡಬೇಕು, ಆಮೇಲೆ ನೋಡೋಣ ಎಂದರು. ಕೋರ್ಟಿನ ಪಕ್ಕದ ಮರಗಳ ಕೆಳಗೆ ನೋಟರಿಗಳು ಸಾಲಾಗಿ ಕೂತಿರುತ್ತಿದ್ದರು. ಸ್ಟ್ಯಾಂಪ್ ಪೇಪರ್ ಟೈಪ್ ಮಾಡಿಸಿ ಬಂದು ಕರೆದೊಯ್ಯುತ್ತೇನೆ, ಇಲ್ಲೇ ಕೂಡು ಎಂದು ಅವಳಿಗೆ ಹೇಳಿ ಮೈದುನ ಹೊರಟ. ಅವಸರದಲ್ಲಿ ಪೇ ಆರ್ಡರನ್ನು ನನ್ನ ಟೇಬಲ್ಲಿನ ಮೇಲೆ ಬಿಟ್ಟ. ಅವಳ ಹೆಸರಿನ ಕಾಗದ, ಯಾರು ತಾನೇ ಒಯ್ದಾರು ಎಂದುಕೊಂಡಿರಬೇಕು.

ಅವಳು ಎದ್ದು ಬಂದು ಅದನ್ನು ತೆಗೆದುಕೊಂಡಳು.

“ಅಕ್ಕಾ, ಇದು ಎಷ್ಟು ದಿನಾ ನಡೀತದ?”

“ಆರು ತಿಂಗಳು. ಆದರೆ ಆ ಹೆಸರಿನಲ್ಲಿ ಹೊಸ ಖಾತೆ ಬೇಕು. ನಿನ್ನ ಗುರುತು ಹೇಳುವವರು ಬೇಕು.”

“ಧಾರವಾಡದಾಗ ಎಲ್ಲಾರೂ ನನ್ನ ಇದಽ ಹೆಸರಿಲೇ ಕರೀತಾರ.”

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವಳು ಧಾರವಾಡಕ್ಕೆ ಹೊರಟಿದ್ದಳು. ಗೋಡೆಯ ಗಡಿಯಾರ ನೋಡಿದೆ. ಅವನು ಹೋಗಿ ಹತ್ತು ನಿಮಿಷವಾಗಿತ್ತು. ನೋಟರಿಯ ಬಳಿ ರಶ್ ಇಲ್ಲದಿದ್ದರೆ ಇನ್ನು ಹತ್ತು ನಿಮಿಷದಲ್ಲಿ ಬರುತ್ತಾನೆ. ಹೋಗಬೇಡ ಎನ್ನಬೇಕೆನ್ನಿಸಿತು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ನಾನು ಪರ್ಸ್ ತೆರೆದು, ಲೋಕಲ್ ರೈಲಿನ ಪಾಸ್ ಒಂದನ್ನು ಉಳಿಸಿಕೊಂಡು, ಇದ್ದ ನೋಟುಗಳನ್ನೆಲ್ಲ ಅವಳ ಮುಷ್ಟಿಯೊಳಗಿಟ್ಟೆ. ಅಟೆಂಡರ್‌ಗಳು ಓಡಾಡುವ ಪಕ್ಕದ ಬಾಗಿಲಿನವರೆಗೆ ಜೊತೆಗೆ ಹೋದೆ.

ಮೈದುನ ಬಂದು ಕೇಳಿದಾಗ ಟಾಯ್ಲೆಟ್ಟಿಗೆ ಹೋಗಿರಬೇಕು ಎಂದೆ. ಕಾನ್ವೆಂಟಿನವಳು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಮುಂದೆ ಮನೆಯಲ್ಲಿ ನಡೆದದ್ದನ್ನು ಊಹಿಸಬಹುದು. ಅತ್ತೆ ದೀಪಾವಳಿಯವರೆಗೆ ನನ್ನೊಡನೆ ಮಾತು ಬಿಟ್ಟರು. ವರ್ಷದ ಮೇಲೆ ಆ ಕಡೆಯಿಂದ ಬಂದ ನೆಂಟರೊಬ್ಬರು, ಅವಳು ಅಣ್ಣನ ಮನೆಯಿಂದ ಕಾಲೇಜಿಗೆ ಹೋಗುತ್ತಾಳೆ ಎಂದು ನನಗೊಬ್ಬಳಿಗೆ ಕೇಳುವಂತೆ ಹೇಳಿದರು. ಅವಳಿಂದ ಪತ್ರ ಬರಲಿಲ್ಲ. ಬಂದರೂ ನಮ್ಮ ಮನೆಯಲ್ಲಿ ಅದು ಯಾರ ಕೈಗೆ ಸಿಗುತ್ತಿತ್ತೋ.

ನಾನು ಅವಳನ್ನು ಕಡೆಯ ಸಲ ನೋಡಿದ್ದು ಆ ಪಕ್ಕದ ಬಾಗಿಲಿನ ಗಾಜಿನಿಂದ. ಎಂಟು ವರ್ಷ ಬಾಂಬೆಯಲ್ಲಿದ್ದೂ ಒಬ್ಬಳೇ ಎಲ್ಲೂ ಹೋಗಿ ಗೊತ್ತಿರದವಳು, ಫುಟ್‌ಪಾತಿನಲ್ಲಿ ನಿಂತು ಎರಡೂ ಕಡೆ ನೋಡಿದಳು. ಕಡಲೆಕಾಯಿ ಮಾರುವವನನ್ನು ಏನೋ ಕೇಳಿದಳು. ವಿ.ಟಿ. ಸ್ಟೇಷನ್ ಯಾವ ಕಡೆ ಎಂದೇ ಇರಬೇಕು, ಅವನು ಕೈಯೆತ್ತಿ ತೋರಿಸಿದ. ಅವಳು ಪರ್ಸನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದು, ಸೆರಗು ಜಾರಿದ್ದನ್ನೂ ಗಮನಿಸದೆ, ಆ ದಿಕ್ಕಿಗೆ ಬಿರಬಿರನೆ ನಡೆದುಹೋದಳು.