ಖಾರ ಹತ್ತಿದ ಖಗೋಳ

ಬ್ಯಾಡಗಿಯ ವಾಚನಾಲಯದ ಸಹಾಯಕ ದಿಲಾವರನಿಗೆ ಒಂದು ಕಾಯಿಲೆ. ಕೇಳಿದವರಿಗೂ ಕೇಳದವರಿಗೂ ಆಕಾಶದ ಪುಸ್ತಕ ಶಿಫಾರಸು ಮಾಡುವುದು. ಅಡುಗೆ ಪುಸ್ತಕ ಕೇಳಿದರೆ ಶನಿಯ ಬಳೆ, ಪೊಲೀಸ್ ಪರೀಕ್ಷೆಯ ಗೈಡ್ ಕೇಳಿದರೆ ಧೂಮಕೇತು. ಊರಿನ ಜನ ಸಭ್ಯರು, ಬೇಡ ಎನ್ನುತ್ತಿರಲಿಲ್ಲ. "ನಾಳೆ ಒಯ್ತೇನ್ರಿ" ಎನ್ನುತ್ತಿದ್ದರು. ಆ ನಾಳೆ ಹನ್ನೊಂದು ವರ್ಷವಾದರೂ ಬಂದಿರಲಿಲ್ಲ.

ಬಂದದ್ದು ಹಾವೇರಿಯ ಗ್ರಂಥಾಲಯ ಕಚೇರಿಯ ಕಾಗದ. ಸೋಮವಾರ ಪರಮೇಶಪ್ಪ ಸಾಹೇಬರು ಪರಿಶೀಲನೆಗೆ ಬರುವರು. ಯಾರೂ ಓದದ ಪುಸ್ತಕ ರದ್ದಿಗೆ, ಆ ಜಾಗ ಗೈಡುಗಳಿಗೆ. ದಿಲಾವರ ತನ್ನ ಎಂಟೂ ಖಗೋಳದ ಪುಸ್ತಕಗಳ ಧೂಳು ಹೊಡೆದ. ರದ್ದಿಗಾದರೂ ನೆಟ್ಟಗೆ ಹೋಗಲಿ!

ಅವನ್ನು ಓದುವವಳು ದೇವವ್ವ ಒಬ್ಬಳೇ. ಹಗಲೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಿ ಸಂಜೆ ಬಂದು ಕೂರುತ್ತಿದ್ದಳು. ಪುಸ್ತಕ ಮನೆಗೊಯ್ಯುವ ಕಾರ್ಡಿಗೆ ಸರಕಾರಿ ನೌಕರರ ಸಹಿ ಬೇಕಿತ್ತು, ಅವಳಿಗೆ ಸಿಕ್ಕಿರಲಿಲ್ಲ. ಹಾಗಾಗಿ ಬೆಂಚಿನ ಮೇಲೇ ಓದು. ಬೆಂಚಿನ ಓದು ರಿಜಿಸ್ಟರಿಗೆ ಕಾಣುವುದಿಲ್ಲ. ಬಂದ ಮೊದಲ ಸಂಜೆಯೇ ಅವಳು ಕೇಳಿದ್ದಳು:

"ದುರ್ಬೀನ್ ತಗೊಳ್ಳಾಕ ಯಾವ ಪುಸ್ತಕ ಓದ್ಲೋ ತಮ್ಮಾ?"

"ಮೊದಲ ಈ ತೆಳ್ಳಂದು, ಯಕ್ಕಾ. ಬರಿಗಣ್ಣಿಲೆ ನೋಡೂದು ಕಲಸ್ತೈತಿ. ಆಮ್ಯಾಲೆ ದುರ್ಬೀನಿಂದು. ಆ ದಪ್ಪಂದು ಬರೇ ಚಿತ್ರ, ಬೀಗರು ಬಂದಾಗ ತೋರ್ಸಾಕ."

ಈಗ ಎಂಟನ್ನೂ ಮುಗಿಸಿ, ತೆಳ್ಳನೆಯದನ್ನು ಮತ್ತೆ ಹಿಡಿದಿದ್ದಳು.

ಸೋಮವಾರ ಪರಮೇಶಪ್ಪ ರಿಜಿಸ್ಟರ್ ನೋಡಿ ನಕ್ಕರು.

"ಒಂದ ಹೆಸರೂ ಇಲ್ಲಲ್ಲಪ್ಪಾ. ಯಾರ್ ಓದ್ಯಾರ, ಇರಿವಿ?"

"ಕುಂತಲ್ಲೇ ಓದ್ತಾರ್ರಿ ಸರ್."

"ಖರೇನ?" ಎನ್ನುತ್ತ ತೆಳ್ಳನೆಯದನ್ನು ಎತ್ತಿ, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದರು. ಕಾಗದಪತ್ರಗಳಲ್ಲೇ ಸವೆದ ಬೆರಳು; ಪುಟಕ್ಕೊಮ್ಮೆ ನಾಲಿಗೆ ಮುಟ್ಟದಿದ್ದರೆ ಅದಕ್ಕೆ ನಡೆಯಲು ಬಾರದು. ಆರನೆಯ ಪುಟಕ್ಕೆ ಸಾಹೇಬರ ಕಿವಿ ಕೆಂಪಾದವು. ಎಂಟನೆಯದಕ್ಕೆ ಕಣ್ಣಲ್ಲಿ ನೀರು.

"ನೀರು! ಏನ್ ಹಚ್ಚೀಯೋ ಇದಕ್ಕ? ಬ್ಯಾಡಗಿ ಕಾಯಿ ಬರೇ ಬಣ್ಣ, ಖಾರ ಇಲ್ಲಂತಾರ!"

"ಈ ವಾರ ಗುಂಟೂರು ಕಾಯಿ ಬಂದೈತ್ರಿ ಸರ್. ದೇವವ್ವ ತೊಟ್ಟು ಬಿಡಿಸಿ ಬಂದು ಓದ್ತಾಳ್ರಿ."

ಹೇಳಿದ ಮೇಲೆ ದಿಲಾವರನಿಗೇ ಹೊಳೆಯಿತು. ಪುಸ್ತಕದ ಕೊನೆಯ ಪುಟ ತೆರೆದ. ಮೂಲೆಯಲ್ಲಿ ಕೆಂಪು ಹೆಬ್ಬೆಟ್ಟಿನ ಗುರುತು. ದುರ್ಬೀನಿನದರಲ್ಲೂ, ದಪ್ಪದರಲ್ಲೂ, ಎಂಟರಲ್ಲೂ ಮೊದಲಿಂದ ಕೊನೆತನಕ. ಪಕ್ಕದ ಗೈಡನ್ನೂ ತೆರೆದಿಟ್ಟ. ಹತ್ತು ಪುಟ ಮಾಸಿತ್ತು, ಉಳಿದದ್ದು ಮದುಮಗಳ ಹಾಗೆ ಹೊಸದು.

ಸಾಹೇಬರು ಎರಡು ಲೋಟ ನೀರು ಕುಡಿದು "ಬಳಕೆಯಲ್ಲಿವೆ" ಎಂದು ಬರೆದರು. ದಿಲಾವರ ಬಿಡಲಿಲ್ಲ, ದೇವವ್ವನ ಕಾರ್ಡಿನ ಅರ್ಜಿಯನ್ನೂ ಮುಂದಿಟ್ಟು ಸಹಿ ಹಾಕಿಸಿಕೊಂಡ.

ಸಂಜೆ ದೇವವ್ವ ಕೇಳಿದಳು: "ಸಾಹೇಬ್ರು ನಮ್ಮ ಪುಸ್ತಕ ಓದಿದ್ರೇನೋ?"

"ಓದ್ಲಿಲ್ಲ ಯಕ್ಕಾ. ರುಚಿ ನೋಡಿ ಹೋದ್ರು."